ಬೇಸ್ ಗಿಟಾರ್‌ಗೆ ಯಾವ ಕ್ಯಾಬಿನೆಟ್? ಓದುಗರ ಪ್ರಶ್ನೆ, ನಮ್ಮ ಉತ್ತರ

ಈ ಸಲ ಬಂದ ಪತ್ರಗಳಲ್ಲಿ ಹೆಚ್ಚಿನವು ಬೇಸ್ ನುಡಿಸುವವರದ್ದು. ಎಲ್ಲರೂ ಕೇಳಿರುವುದು ಸ್ಪೀಕರ್ ಕ್ಯಾಬಿನೆಟ್ (ಕ್ಯಾಬ್), ಅಂದರೆ ಸ್ಪೀಕರ್ ಕೂರಿಸಿದ ಪೆಟ್ಟಿಗೆಯ ಬಗ್ಗೆಯೇ. ಹಾಗಾಗಿ ಈ ಸಂಚಿಕೆಯ ಅಂಕಣವನ್ನು ಪೂರ್ತಿ ಅದಕ್ಕೇ ಬಿಟ್ಟಿದ್ದೇನೆ.

ಪ್ರಶ್ನೆ: ನನ್ನ ಹತ್ತಿರ ನಾಲ್ಕು ತಂತಿಯ ಬೇಸ್, 300 ವ್ಯಾಟ್ ಹೆಡ್ (ಸ್ಪೀಕರ್ ಇಲ್ಲದ ಆಂಪ್ಲಿಫೈಯರ್), ಎರಡು 10 ಇಂಚಿನ ಸ್ಪೀಕರ್ ಇರುವ ಕ್ಯಾಬ್ ಇದೆ. ಒಬ್ಬನೇ ಕೂತು ನುಡಿಸಿದರೆ ಟೋನ್ ತುಂಬಾ ಚೆನ್ನಾಗಿರುತ್ತೆ. ಬ್ಯಾಂಡ್ ಜೊತೆ ಶುರು ಮಾಡಿದ ಕೂಡಲೇ ಬೇಸ್ ಕೇಳಿಸುವುದೇ ಇಲ್ಲ. 15 ಇಂಚಿನ ಸ್ಪೀಕರ್ ತಗೊಂಡರೆ ಸರಿಹೋಗುತ್ತೆ ಅಂತ ಗೆಳೆಯರು ಹೇಳುತ್ತಾರೆ. ತಗೊಳ್ಳಲಾ?

ಉತ್ತರ: ಈಗಲೇ ಬೇಡ. ಮೊದಲು ದನಿ ಎಲ್ಲಿ ಕಳೆದುಹೋಗುತ್ತಿದೆ ಅಂತ ನೋಡೋಣ.

ಒಬ್ಬರೇ ನುಡಿಸುವಾಗ ನೀವು ವಾಲ್ಯೂಮ್ ಕಡಿಮೆ ಇಟ್ಟಿರುತ್ತೀರಿ. ಕಡಿಮೆ ವಾಲ್ಯೂಮ್‌ನಲ್ಲಿ ನಮ್ಮ ಕಿವಿಗೆ ತಗ್ಗಿನ ಸ್ವರಗಳು ಸರಿಯಾಗಿ ಕೇಳಿಸುವುದಿಲ್ಲ. ಫ್ಲೆಚರ್ ಮತ್ತು ಮನ್ಸನ್ ಎಂಬ ಇಬ್ಬರು 1933ರಲ್ಲೇ ಇದನ್ನು ಅಳೆದು ತೋರಿಸಿದ್ದಾರೆ. ಆ ಕೊರತೆ ತುಂಬೋಕೆ ನಾವು ಬೇಸ್ ನಾಬ್ ಜಾಸ್ತಿ ಮಾಡುತ್ತೇವೆ, ಜೊತೆಗೆ ಟ್ರೆಬಲ್ ಕೂಡ ಸ್ವಲ್ಪ ಏರಿಸುತ್ತೇವೆ, ಮಿಡ್ (ನಡುವಿನ ಸ್ವರಗಳು) ಮಾತ್ರ ಇಳಿಸುತ್ತೇವೆ. ಕೋಣೆಯಲ್ಲಿ ಅದು ಕಿವಿಗೆ ಹಿತವಾಗಿರುತ್ತೆ. ಅದೇ ಸೆಟ್ಟಿಂಗ್ ಇಟ್ಟುಕೊಂಡು ಬ್ಯಾಂಡ್ ಜೊತೆ ನಿಂತರೆ, ನೀವು ಏರಿಸಿದ ತಗ್ಗಿನ ಭಾಗವನ್ನು ಕಿಕ್ ಡ್ರಮ್ ನುಂಗುತ್ತೆ, ಟ್ರೆಬಲ್ ಅನ್ನು ಸಿಂಬಲ್ ಮತ್ತು ಗಿಟಾರ್ ನುಂಗುತ್ತವೆ, ನಿಮ್ಮದೇ ಜಾಗವಾಗಿದ್ದ ಮಿಡ್ ಅನ್ನು ನೀವೇ ಖಾಲಿ ಮಾಡಿರುತ್ತೀರಿ.

ಲೆಕ್ಕ ನೋಡಿ. ನಾಲ್ಕು ತಂತಿಯ ಬೇಸ್‌ನ ದಪ್ಪ ಇ ತಂತಿಯ ಮೂಲ ಕಂಪನ 41 ಹರ್ಟ್ಜ್. ಆದರೆ ತಂತಿ ಮೀಟಿದಾಗ 41 ಒಂದೇ ಬರುವುದಿಲ್ಲ. ಅದರ ಎರಡರಷ್ಟು 82, ಮೂರರಷ್ಟು 123, ಹೀಗೆ ಮೇಲಿನ ಸ್ವರಗಳೂ ಜೊತೆಗೆ ಬರುತ್ತವೆ. ಎಷ್ಟೋ ಸಲ ಅವೇ ಮೂಲ ಸ್ವರಕ್ಕಿಂತ ಬಲವಾಗಿರುತ್ತವೆ. ಮೂಲ ಸ್ವರ ಕ್ಷೀಣವಾಗಿದ್ದರೂ ಮೇಲಿನವನ್ನು ಕೇಳಿ ಮೆದುಳು ಅದನ್ನು ತಾನೇ ಕಟ್ಟಿಕೊಳ್ಳುತ್ತೆ. ಉದಾಹರಣೆಗೆ, ಆಂಪೆಗ್ ಕಂಪನಿಯ ಎಸ್‌ವಿಟಿ ಎಂಬ ಬೇಸ್ ಆಂಪ್ 1969ರಲ್ಲಿ ಬಂತು. 300 ವ್ಯಾಟ್ ಟ್ಯೂಬ್ ಹೆಡ್, ಜೊತೆಗೆ ಎಂಟು 10 ಇಂಚಿನ ಸ್ಪೀಕರ್‌ಗಳ ಆಳೆತ್ತರದ ಕ್ಯಾಬ್. ರಾಕ್ ಸಂಗೀತದಲ್ಲಿ ಬೇಸ್ ಅಂದರೆ ಇದೇ ದನಿ ಅನ್ನುವಷ್ಟು ಅದು ಬಳಕೆಯಾಯಿತು. ಆ ಬಗೆಯ ಕ್ಯಾಬ್‌ನ ದನಿ 60 ಹರ್ಟ್ಜ್ ಹತ್ತಿರದಲ್ಲೇ ಕೆಳಗಿಳಿಯೋಕೆ ಶುರುವಾಗುತ್ತೆ. 41 ಅಲ್ಲಿ ತುಂಬಾ ಕಡಿಮೆ. ಆದರೂ ಅದನ್ನು ಕೇಳಿದ ಯಾರೂ ಬೇಸ್ ಸಾಲದು ಅಂದಿಲ್ಲ. ಯಾಕೆಂದರೆ 80ರಿಂದ 800ರವರೆಗಿನ ಭಾಗ ಅದರಲ್ಲಿ ಅಷ್ಟು ಗಟ್ಟಿಯಾಗಿದೆ. ಬ್ಯಾಂಡ್ ನಡುವೆ ನಿಮ್ಮ ಬೇಸ್ ಕೇಳಿಸಬೇಕಾದ್ದು ಈ ಭಾಗದಲ್ಲೇ.

ಈಗ 15 ಇಂಚಿನ ವಿಷಯ. ಸ್ಪೀಕರ್ ದೊಡ್ಡದಾದರೆ ಬೇಸ್ ಆಳಕ್ಕೆ ಹೋಗುತ್ತೆ ಅನ್ನುವ ನಂಬಿಕೆ ತುಂಬಾ ಹಳೆಯದು, ಆದರೆ ಅದು ಸರಿಯಲ್ಲ. ದನಿ ಎಷ್ಟು ತಗ್ಗಿಗೆ ಇಳಿಯುತ್ತೆ ಅನ್ನುವುದು ಮೂರು ವಿಷಯ ಸೇರಿ ತೀರ್ಮಾನವಾಗುತ್ತೆ: ಸ್ಪೀಕರ್‌ನ ಗುಣ, ಪೆಟ್ಟಿಗೆಯೊಳಗಿನ ಜಾಗ, ಪೋರ್ಟ್ (ಪೆಟ್ಟಿಗೆಯಲ್ಲಿ ಗಾಳಿ ಆಡುವ ತೂತು) ಇದ್ದರೆ ಅದನ್ನು ಯಾವ ಕಂಪನಕ್ಕೆ ಕೂಡಿಸಿದ್ದಾರೆ ಅನ್ನುವುದು. ಇದನ್ನು ಲೆಕ್ಕ ಹಾಕುವ ದಾರಿ ತೋರಿಸಿದವರು ಆಸ್ಟ್ರೇಲಿಯಾದಲ್ಲಿ ಕೆಲಸ ಮಾಡಿದ ನೆವಿಲ್ ಥೀಲ್ ಮತ್ತು ರಿಚರ್ಡ್ ಸ್ಮಾಲ್. ಥೀಲ್ 1961ರಲ್ಲಿ, ಸ್ಮಾಲ್ 1970ರ ದಶಕದಲ್ಲಿ. ಇಂದಿಗೂ ಸ್ಪೀಕರ್‌ಗಳನ್ನು ಅವರಿಬ್ಬರ ಹೆಸರಿನ ಅಳತೆಗಳಿಂದಲೇ ವಿವರಿಸುತ್ತಾರೆ. ಅವರ ಲೆಕ್ಕದಲ್ಲಿ ಕೋನ್‌ನ, ಅಂದರೆ ಸ್ಪೀಕರ್‌ನ ಅದುರುವ ಭಾಗದ ಅಳತೆ ಒಂದು ಅಂಶ ಅಷ್ಟೇ. ಚೆನ್ನಾಗಿ ಮಾಡಿದ 10 ಇಂಚಿನ ಕ್ಯಾಬ್, ಅಗ್ಗದ 15 ಇಂಚಿನದಕ್ಕಿಂತ ಆಳಕ್ಕೆ ಹೋಗಬಹುದು. ಫೆಂಡರ್ ಕಂಪನಿಯ ಬೇಸ್‌ಮನ್ ಆಂಪ್ ಕೂಡ 1952ರಲ್ಲಿ ಒಂದೇ 15 ಇಂಚಿನ ಸ್ಪೀಕರ್ ಜೊತೆ ಬಂತು, ಆಮೇಲೆ 1954ರ ಕೊನೆಯ ಹೊತ್ತಿಗೆ ನಾಲ್ಕು 10 ಇಂಚಿನದಕ್ಕೆ ಬದಲಾಯಿತು. ಕೋನ್‌ಗಳ ಒಟ್ಟು ಹರವು ಲೆಕ್ಕ ಹಾಕಿದರೆ ನಾಲ್ಕು 10 ಸೇರಿ ಒಂದು 15ಕ್ಕಿಂತ ಒಂದೂವರೆ ಪಟ್ಟಿಗೂ ಜಾಸ್ತಿ ಆಗುತ್ತೆ.

ಹಾಗಾದರೆ 15 ಇಂಚಿನದು ಯಾಕೆ ದಪ್ಪ ಅನ್ನಿಸುತ್ತೆ? ಕೋನ್ ದೊಡ್ಡದಾದಷ್ಟೂ ಮೇಲಿನ ಸ್ವರಗಳು ಪಕ್ಕಕ್ಕೆ ಹರಡದೆ ನೇರ ಮುಂದಕ್ಕಷ್ಟೇ ಹೋಗುತ್ತವೆ. ನೀವು ಸ್ವಲ್ಪ ಪಕ್ಕದಲ್ಲಿ ನಿಂತರೆ ಅವು ಸಿಗುವುದಿಲ್ಲ. ಮೇಲಿನದು ಕಡಿಮೆಯಾಗಿರುವುದರಿಂದ ಕೆಳಗಿನದು ಜಾಸ್ತಿ ಅನ್ನಿಸುತ್ತೆ. ನಿಮ್ಮ ತೊಂದರೆಯೇ ಕೇಳಿಸದಿರುವುದು, ಅದಕ್ಕೆ ಈ ಔಷಧ ಉಲ್ಟಾ ಆಗಬಹುದು.

ಮುಂದಿನ ರಿಹರ್ಸಲ್‌ನಲ್ಲಿ ಹೀಗೆ ಮಾಡಿ. ಎಲ್ಲ ನಾಬ್‌ಗಳನ್ನೂ ನಡುವಿಗೆ ತನ್ನಿ. ಬೇಸ್ ಸ್ವಲ್ಪ ಇಳಿಸಿ, ಹೌದು, ಇಳಿಸಿ. ಲೋ ಮಿಡ್ ನಾಬ್ ಇದ್ದರೆ ತುಸು ಏರಿಸಿ. ಇಡೀ ಬ್ಯಾಂಡ್ ನುಡಿಸುವಾಗಲೇ ಇದನ್ನು ಮಾಡಬೇಕು, ಒಬ್ಬರೇ ಇದ್ದಾಗ ಅಲ್ಲ. ಒಂಟಿಯಾಗಿ ಕೇಳಿದರೆ ಆ ಟೋನ್ ಸ್ವಲ್ಪ ಒರಟು ಅನ್ನಿಸಬಹುದು, ಅದಕ್ಕೆ ಹೆದರಬೇಡಿ. ಇಷ್ಟಾದ ಮೇಲೂ ಸಾಲದಿದ್ದರೆ ಈಗಿರುವಂಥದ್ದೇ ಇನ್ನೊಂದು ಕ್ಯಾಬ್ ಸೇರಿಸಿ. ಅದೇ ಕಂಪನಿ, ಅದೇ ಮಾದರಿ. ಈಗಿನದು 8 ಓಮ್ ಇದ್ದರೆ ಮಾತ್ರ (ಓಮ್ ಅಂದರೆ ಕ್ಯಾಬ್ ವಿದ್ಯುತ್ತಿಗೆ ಒಡ್ಡುವ ತಡೆಯ ಅಳತೆ), ಅದರ ಬಗ್ಗೆ ಕೆಳಗೆ ಬರೆದಿದ್ದೇನೆ. ಟ್ರಾನ್ಸಿಸ್ಟರ್ ಹೆಡ್ ಆದರೆ ಎರಡನೆಯ ಕ್ಯಾಬ್ ಸೇರಿದಾಗ ಹೆಚ್ಚು ಪವರ್ ಹೊರಬರುತ್ತೆ, ತಗ್ಗಿನ ಸ್ವರಗಳಲ್ಲಿ ಎರಡೂ ಕ್ಯಾಬ್ ಒಂದಕ್ಕೊಂದು ಬಲ ಕೊಡುತ್ತವೆ, ಎಲ್ಲ ಸೇರಿ ಹತ್ತಿರ ಹತ್ತಿರ 6 ಡೆಸಿಬಲ್ ಸಿಗುತ್ತೆ. ಒಂದರ ಮೇಲೊಂದು ನಿಲ್ಲಿಸಿದರೆ ಮೇಲಿನದು ನಿಮ್ಮ ಕಿವಿಗೂ ಹತ್ತಿರ ಬರುತ್ತೆ.

ಪ್ರಶ್ನೆ: ಪೂರ್ತಿ ಮುಚ್ಚಿದ ಕ್ಯಾಬ್ ಒಳ್ಳೆಯದಾ, ಪೋರ್ಟ್ ಇರುವುದಾ? ನನ್ನದು ಐದು ತಂತಿಯ ಬೇಸ್.

ಉತ್ತರ: ಎರಡೂ ಒಳ್ಳೆಯವೇ, ಆದರೆ ಬೇರೆ ಬೇರೆ ಸ್ವಭಾವ. ಮುಚ್ಚಿದ ಪೆಟ್ಟಿಗೆಯಲ್ಲಿ ಒಳಗಿನ ಗಾಳಿ ಸ್ಪ್ರಿಂಗ್ ಥರ ಕೋನ್ ಅನ್ನು ಹಿಡಿದಿಟ್ಟುಕೊಳ್ಳುತ್ತೆ. ದನಿ ತಗ್ಗಿಗೆ ಹೋಗುತ್ತಾ ನಿಧಾನವಾಗಿ ಇಳಿಯುತ್ತೆ, ಒಂದು ಆಕ್ಟೇವ್‌ಗೆ (ಕಂಪನ ಅರ್ಧವಾಗುವಷ್ಟಕ್ಕೆ) 12 ಡೆಸಿಬಲ್. ಸ್ವರ ಶುರುವಾಗುವುದು, ನಿಲ್ಲುವುದು ಎರಡೂ ಚುರುಕಾಗಿ ಕೇಳುತ್ತೆ. ಪೋರ್ಟ್ ಇರುವುದರಲ್ಲಿ ಕೋನ್‌ನ ಹಿಂಬದಿಯ ದನಿಯನ್ನೂ ಬಳಸಿಕೊಳ್ಳುತ್ತಾರೆ. ಪೋರ್ಟ್ ಕೂಡಿಸಿದ ಕಂಪನದ ಸುತ್ತಮುತ್ತ ದನಿ ಬಲವಾಗಿ ಬರುತ್ತೆ, ಅದಕ್ಕಿಂತ ಕೆಳಗೆ ಆಕ್ಟೇವ್‌ಗೆ 24 ಡೆಸಿಬಲ್‌ನಂತೆ ಥಟ್ಟನೆ ಬೀಳುತ್ತೆ.

ಇಲ್ಲೊಂದು ಮುಖ್ಯ ವಿಷಯ ಇದೆ, ಇದನ್ನು ಅಂಗಡಿಯಲ್ಲಿ ಯಾರೂ ಹೇಳುವುದಿಲ್ಲ. ಪೋರ್ಟ್‌ನ ಕಂಪನಕ್ಕಿಂತ ಕೆಳಗಿನ ಸ್ವರ ಬಂದಾಗ ಒಳಗಿನ ಗಾಳಿ ಕೋನ್ ಅನ್ನು ಹಿಡಿಯುವುದೇ ಇಲ್ಲ. ಕೋನ್ ಸುಮ್ನೆ ಹಿಂದೆ ಮುಂದೆ ಜೋರಾಗಿ ಓಡಾಡುತ್ತೆ, ದನಿ ಮಾತ್ರ ಬರುವುದಿಲ್ಲ. ಐದನೆಯ ತಂತಿಯ ಬಿ ಸ್ವರ 31 ಹರ್ಟ್ಜ್. ತುಂಬಾ ಬೇಸ್ ಕ್ಯಾಬ್‌ಗಳ ಪೋರ್ಟ್ ಇದಕ್ಕಿಂತ ಮೇಲೆಯೇ ಕೂಡಿಸಿರುತ್ತೆ. ಹಾಗಾಗಿ ಬೇಸ್ ನಾಬ್ ಪೂರ್ತಿ ಏರಿಸಿ ಬಿ ತಂತಿ ಬಾರಿಸಿದರೆ ಸ್ಪೀಕರ್‌ಗೆ ಪೆಟ್ಟು. ತೀರಾ ತಗ್ಗಿನ ಸ್ವರಗಳನ್ನು ತಡೆಯುವ ಹೈ ಪಾಸ್ ಫಿಲ್ಟರ್ ಬಳಸಿ, 30ರಿಂದ 40 ಹರ್ಟ್ಜ್ ನಡುವೆ ಇಟ್ಟುಕೊಳ್ಳಿ. ಈಗಿನ ಕೆಲವು ಹೆಡ್‌ಗಳಲ್ಲಿ ಅದು ಒಳಗೇ ಇರುತ್ತೆ, ಇಲ್ಲದಿದ್ದರೆ ಪೆಡಲ್ ರೂಪದಲ್ಲಿ ಸಿಗುತ್ತೆ. ದನಿ ಕಡಿಮೆಯಾಗುತ್ತೆ ಅಂತ ಚಿಂತೆ ಬೇಡ. ಬಿ ಸ್ವರವನ್ನು ನೀವು ಗುರುತಿಸುವುದು 62ರಿಂದ ಮೇಲೆ ಬರುವ ಅದರ ಜೊತೆ ಸ್ವರಗಳಿಂದ. ಫಿಲ್ಟರ್ ಹಾಕಿದ ಮೇಲೆ ಅದೇ ಕ್ಯಾಬ್ ಇನ್ನೂ ಜೋರಾಗಿ, ಸ್ವಚ್ಛವಾಗಿ ನುಡಿಯುತ್ತೆ. ಹೊಸ ಕ್ಯಾಬ್ ಕೊಳ್ಳುವ ಮೊದಲು ಇದನ್ನು ಮಾಡಿ ನೋಡಿ ಅಂತ ನಾನು ಎಲ್ಲರಿಗೂ ಹೇಳುತ್ತೇನೆ.

ಪ್ರಶ್ನೆ: ಹಗುರವಾಗಿರಬೇಕು, ಚಿಕ್ಕದಾಗಿರಬೇಕು, ಆದರೆ ದೊಡ್ಡ ಕ್ಯಾಬ್‌ನಷ್ಟೇ ಆಳ, ಅಷ್ಟೇ ಜೋರು ಬೇಕು. ಇದೆಯಾ?

ಉತ್ತರ: ಹಗುರ ಸಿಗುತ್ತೆ. ಉಳಿದ ಮೂರರಲ್ಲಿ ಎರಡನ್ನು ಮಾತ್ರ ಆರಿಸಿಕೊಳ್ಳಬಹುದು. ಚಿಕ್ಕ ಪೆಟ್ಟಿಗೆ, ಆಳದ ಬೇಸ್, ಕಡಿಮೆ ಪವರ್‌ನಲ್ಲಿ ಜೋರು ದನಿ, ಈ ಮೂರೂ ಒಟ್ಟಿಗೆ ಸಿಗುವುದಿಲ್ಲ. ಹಾಫ್‌ಮನ್ ಅವರ ಹೆಸರಿನಲ್ಲಿ ಕರೆಯುವ ಈ ನಿಯಮದಿಂದ ಯಾವ ಕಂಪನಿಗೂ ತಪ್ಪಿಸಿಕೊಳ್ಳೋಕೆ ಆಗಿಲ್ಲ. ಚಿಕ್ಕ ಕ್ಯಾಬ್ ಆಳಕ್ಕೆ ಹೋಗುತ್ತಿದ್ದರೆ ಅದಕ್ಕೆ ಪವರ್ ಜಾಸ್ತಿ ಬೇಕು. ಚಿಕ್ಕದೂ ಆಗಿ ಜೋರೂ ಇದ್ದರೆ ಆಳ ಕಡಿಮೆ ಇರುತ್ತೆ.

ತೂಕದ ವಿಷಯ ಬೇರೆ. ನಿಯೋಡಿಮಿಯಮ್ ಆಯಸ್ಕಾಂತ ಇರುವ ಸ್ಪೀಕರ್‌ಗಳು ಫೆರೈಟ್ ಇರುವವಕ್ಕಿಂತ ತುಂಬಾ ಹಗುರ. ಆಯಸ್ಕಾಂತ ಬದಲಾದರೆ ಟೋನ್ ಸೊರಗುತ್ತೆ ಅನ್ನುವ ಮಾತು ಕೇಳಿಬರುತ್ತೆ. ಟೋನ್ ಅನ್ನು ತೀರ್ಮಾನಿಸುವುದು ಇಡೀ ಸ್ಪೀಕರ್‌ನ ವಿನ್ಯಾಸ, ಆಯಸ್ಕಾಂತದ ಜಾತಿ ಅಲ್ಲ. ಪೆಟ್ಟಿಗೆ ಮಾತ್ರ ಗಟ್ಟಿಯಾಗಿರಬೇಕು. ಪಕ್ಕದ ಹಲಗೆಗೆ ಬೆರಳಿನಿಂದ ತಟ್ಟಿ ನೋಡಿ. ಟೊಳ್ಳಾಗಿ ಗುಂಯ್ ಅಂದರೆ ಒಳಗೆ ಆಧಾರದ ಪಟ್ಟಿಗಳು ಸಾಲದು ಅಂತ ಅರ್ಥ. ಅಂಥ ಪೆಟ್ಟಿಗೆ ಕೆಲವು ಸ್ವರಗಳಿಗೆ ತಾನೂ ಅದುರಿ ದನಿ ಕಲಸುತ್ತೆ. ಒಳ್ಳೆಯ ಪ್ಲೈವುಡ್ ಹಗುರವೂ ಹೌದು, ಗಟ್ಟಿಯೂ ಹೌದು. ಎಂಡಿಎಫ್ (ಮರದ ನಾರು ಒತ್ತಿ ಮಾಡಿದ ಹಲಗೆ) ದನಿಗೆ ಕೆಟ್ಟದ್ದಲ್ಲ, ಆದರೆ ಭಾರ, ನೀರು ತಾಗಿದರೆ ಉಬ್ಬುತ್ತೆ, ಸ್ಕ್ರೂ ಪದೇ ಪದೇ ಬಿಚ್ಚಿದರೆ ಹಿಡಿತ ಬಿಡುತ್ತೆ. ಹೊತ್ತು ತಿರುಗುವ ಕ್ಯಾಬ್‌ಗೆ ನಾನಂತೂ ಪ್ಲೈವುಡ್ಡೇ ಆರಿಸುತ್ತೇನೆ.

ಪ್ರಶ್ನೆ: ನನ್ನ ಹೆಡ್ 500 ವ್ಯಾಟ್, ಕ್ಯಾಬ್ 300 ವ್ಯಾಟ್. ಸ್ಪೀಕರ್ ಸುಟ್ಟುಹೋಗುತ್ತಾ?

ಉತ್ತರ: ಎಚ್ಚರವಾಗಿ ನುಡಿಸಿದರೆ ಹೋಗುವುದಿಲ್ಲ. ಕ್ಯಾಬ್ ಮೇಲೆ ಬರೆದ ವ್ಯಾಟ್ ಸಾಮಾನ್ಯವಾಗಿ ಶಾಖದ ಮಿತಿ, ಅಂದರೆ ಒಳಗಿನ ಕಾಯಿಲ್ ಎಷ್ಟು ಬಿಸಿ ತಡೆಯುತ್ತೆ ಅನ್ನುವುದು. ಬೇಸ್ ಸ್ಪೀಕರ್‌ಗಳು ಹಾಳಾಗುವುದು ಎಷ್ಟೋ ಸಲ ಬಿಸಿಯಿಂದ ಅಲ್ಲ, ಕೋನ್ ತನ್ನ ಮಿತಿ ದಾಟಿ ಚಲಿಸುವುದರಿಂದ. ತಗ್ಗಿನ ಸ್ವರಗಳಲ್ಲಿ ಆ ಮಿತಿ 300 ವ್ಯಾಟ್‌ಗಿಂತ ಎಷ್ಟೋ ಮೊದಲೇ ಬರಬಹುದು. ಕಟಕಟ ಸದ್ದು, ಫಟ್ ಅನ್ನುವ ಸದ್ದು ಬಂದರೆ ಆ ಕ್ಷಣವೇ ವಾಲ್ಯೂಮ್ ಇಳಿಸಿ. ಕಿವಿಯೇ ಇಲ್ಲಿ ಒಳ್ಳೆಯ ಮೀಟರ್.

ವ್ಯಾಟ್‌ಗಿಂತ ಮುಖ್ಯವಾಗಿ ನೋಡಬೇಕಾದ್ದು ಸೆನ್ಸಿಟಿವಿಟಿ. ಒಂದು ವ್ಯಾಟ್ ಕೊಟ್ಟು ಒಂದು ಮೀಟರ್ ದೂರದಲ್ಲಿ ಎಷ್ಟು ಡೆಸಿಬಲ್ ಬರುತ್ತೆ ಅನ್ನುವ ಅಳತೆ ಅದು. ಪವರ್ ಎರಡು ಪಟ್ಟು ಮಾಡಿದರೆ ಸಿಗುವುದು 3 ಡೆಸಿಬಲ್ ಮಾತ್ರ. 94 ಡೆಸಿಬಲ್‌ನ ಕ್ಯಾಬ್‌ಗೆ 400 ವ್ಯಾಟ್ ಕೊಟ್ಟಾಗ ಬರುವಷ್ಟು ದನಿ, 100 ಡೆಸಿಬಲ್‌ನ ಕ್ಯಾಬ್‌ನಲ್ಲಿ 100 ವ್ಯಾಟ್‌ಗೇ ಬಂದುಬಿಡುತ್ತೆ. ಕಿವಿಗೆ ಎರಡರಷ್ಟು ಜೋರು ಅನ್ನಿಸಬೇಕಾದರೆ ಸುಮಾರು ಹತ್ತು ಪಟ್ಟು ಪವರ್ ಬೇಕು. 300 ವ್ಯಾಟ್ ಹೆಡ್ ಮಾರಿ 500ರದ್ದು ತಗೊಂಡವರು ಯಾಕೆ ನಿರಾಸೆ ಪಡುತ್ತಾರೆ ಅಂತ ಈಗ ಗೊತ್ತಾಯಿತಲ್ವಾ? ಅದೇ ಹಣ ಕ್ಯಾಬ್‌ಗೆ ಹಾಕಿದ್ದರೆ ವ್ಯತ್ಯಾಸ ಕೂಡಲೇ ಕೇಳಿಸುತ್ತಿತ್ತು.

ಪ್ರಶ್ನೆ: 8 ಓಮ್ ಕ್ಯಾಬ್ ಇದೆ. ಅದಕ್ಕೆ 4 ಓಮ್‌ನ ಇನ್ನೊಂದನ್ನು ಸೇರಿಸಬಹುದಾ?

ಉತ್ತರ: ಹೆಡ್ ಹಿಂದೆ ಬರೆದಿರುವ ಕನಿಷ್ಠ ಓಮ್ ಎಷ್ಟು ಅಂತ ಮೊದಲು ಓದಿ. ಎರಡು ಕ್ಯಾಬ್ ಸಾಮಾನ್ಯವಾಗಿ ಸಮಾಂತರವಾಗಿ ಸೇರುತ್ತವೆ. 8 ಮತ್ತು 8 ಸೇರಿದರೆ 4. 4 ಮತ್ತು 4 ಸೇರಿದರೆ 2. ನಿಮ್ಮ 8 ಮತ್ತು 4 ಸೇರಿದರೆ ಸುಮಾರು 2.7. ಹೆಡ್‌ನ ಕನಿಷ್ಠ 4 ಇದ್ದರೆ ಇದು ಬೇಡವೇ ಬೇಡ, ಆಂಪ್ ಬಿಸಿಯಾಗಿ ನಿಲ್ಲಬಹುದು ಅಥವಾ ಕೆಡಬಹುದು. ಕನಿಷ್ಠ 2 ಇದ್ದರೂ ಪವರ್‌ನಲ್ಲಿ ಮೂರರಲ್ಲಿ ಎರಡು ಪಾಲು 4 ಓಮ್‌ನದಕ್ಕೇ ಹೋಗುತ್ತೆ. ಮುಂದೆ ಎರಡನೆಯದು ಸೇರಿಸುವ ಆಸೆ ಇರುವವರು ಮೊದಲ ಕ್ಯಾಬ್ 8 ಓಮ್‌ನದೇ ತಗೊಳ್ಳಿ.

ಟ್ಯೂಬ್ ಹೆಡ್ ಆದರೆ ಓಮ್ ಸ್ವಿಚ್ ಕ್ಯಾಬ್‌ಗೆ ಹೊಂದಬೇಕು, ಸ್ಪೀಕರ್ ಜೋಡಿಸದೆ ಅದನ್ನು ಎಂದೂ ನುಡಿಸಬಾರದು. ಹೆಡ್‌ನಿಂದ ಕ್ಯಾಬ್‌ಗೆ ಸ್ಪೀಕರ್ ಕೇಬಲ್ಲೇ ಹಾಕಿ. ಬೇಸ್‌ನಿಂದ ಹೆಡ್‌ಗೆ ಹಾಕುವ ಕೇಬಲ್ ಹೊರಗಿನಿಂದ ಹಾಗೆಯೇ ಕಂಡರೂ ಒಳಗಿನ ತಂತಿ ತೆಳು, ಅದು ಈ ಕೆಲಸಕ್ಕಲ್ಲ.

ಪ್ರಶ್ನೆ: ಗಿಟಾರ್ ನುಡಿಸುವ ಗೆಳೆಯನ ಕ್ಯಾಬ್‌ನಲ್ಲಿ ನಾಲ್ಕು 12 ಇಂಚಿನ ಸ್ಪೀಕರ್ ಇದೆ. ಅದರಲ್ಲಿ ಬೇಸ್ ನುಡಿಸಬಹುದಾ?

ಉತ್ತರ: ಮೆಲ್ಲಗೆ ಅಭ್ಯಾಸಕ್ಕೆ ಆದೀತು. ಡ್ರಮ್ ಜೊತೆ ನುಡಿಸುವಷ್ಟು ಜೋರಾಗಿ ಬೇಡ. ಗಿಟಾರ್ ಸ್ಪೀಕರ್‌ಗಳ ಕೋನ್ ಹೆಚ್ಚು ದೂರ ಚಲಿಸುವಂತೆ ಮಾಡಿರುವುದಿಲ್ಲ. ಹಿಂಬದಿ ತೆರೆದಿರುವ ಕ್ಯಾಬ್ ಆದರೆ ಹಿಂದಿನ ದನಿ ಸುತ್ತಿಕೊಂಡು ಬಂದು ಮುಂದಿನ ತಗ್ಗಿನ ಸ್ವರಗಳನ್ನು ಅಳಿಸಿಬಿಡುತ್ತೆ.

ಪ್ರಶ್ನೆ: ವೇದಿಕೆಯಲ್ಲಿ ನನಗೆ ನನ್ನ ಬೇಸ್ ಕೇಳುವುದಿಲ್ಲ, ಕೆಳಗೆ ಕೂತವರು ಬರೀ ಗುಂಗುಂ ಕೇಳುತ್ತೆ ಅನ್ನುತ್ತಾರೆ. ಕ್ಯಾಬ್ ಬದಲಿಸಬೇಕಾ?

ಉತ್ತರ: ಜಾಗ ಬದಲಿಸಿ. ಕ್ಯಾಬ್ ನೆಲದ ಮೇಲೆ ನಿಮ್ಮ ಕಾಲ ಹತ್ತಿರ ಇದ್ದರೆ ಮಿಡ್ ಮತ್ತು ಟ್ರೆಬಲ್ ನಿಮ್ಮ ಮೊಣಕಾಲಿಗೆ ಹೋಗುತ್ತೆ, ಕಿವಿಗೆ ಅಲ್ಲ. ಎತ್ತರಕ್ಕೆ ಇಡಿ, ಅಥವಾ ಹಿಂದಕ್ಕೆ ವಾಲಿಸಿ ಮುಖ ನಿಮ್ಮತ್ತ ತಿರುಗುವಂತೆ ಮಾಡಿ. ಟೊಳ್ಳು ಮರದ ವೇದಿಕೆ ಆಗಿದ್ದರೆ ಕ್ಯಾಬ್ ಕೆಳಗೆ ದಪ್ಪ ಫೋಮ್ ಇಡಿ, ವೇದಿಕೆಯ ಅದುರುವಿಕೆ ಎಷ್ಟೋ ಕಡಿಮೆಯಾಗುತ್ತೆ.

ಗೋಡೆಯನ್ನೂ ಗಮನಿಸಿ. 41 ಹರ್ಟ್ಜ್ ದನಿಯ ಒಂದು ಅಲೆ ಎಂಟು ಮೀಟರ್‌ಗೂ ಉದ್ದ. ಅಷ್ಟು ಉದ್ದದ ಅಲೆ ಎಲ್ಲ ದಿಕ್ಕಿಗೂ ಹರಡುತ್ತೆ, ಹಿಂದಿನ ಗೋಡೆಗೂ ಬಡಿದು ವಾಪಸ್ ಬರುತ್ತೆ. ಕ್ಯಾಬ್‌ನ ಮುಖ ಗೋಡೆಯಿಂದ ಒಂದು ಮೀಟರ್ ದೂರ ಇದ್ದರೆ, ವಾಪಸ್ ಬಂದ ಅಲೆ 86 ಹರ್ಟ್ಜ್ ಹತ್ತಿರ ನೇರ ದನಿಯನ್ನು ಕಡಿತ ಮಾಡುತ್ತೆ. ಅದು ದಪ್ಪ ಇ, ಎಫ್ ಸ್ವರಗಳ ಎರಡರಷ್ಟಿನ ಜಾಗ, ನಿಮ್ಮ ಬೇಸ್‌ನ ಬುಡವೇ ಅಲ್ಲಿರುವುದು. ಕ್ಯಾಬ್ ಅನ್ನು ಗೋಡೆಗೆ ಒತ್ತಿ ಇಟ್ಟರೆ ಈ ಕಡಿತ ಮೇಲಿನ ಸ್ವರಗಳಿಗೆ ಸರಿಯುತ್ತೆ, ತಗ್ಗಿನವು ತುಂಬಿಕೊಳ್ಳುತ್ತವೆ. ಮೂಲೆಗೆ ಇಟ್ಟರೆ ಇನ್ನೂ ಜಾಸ್ತಿ ತುಂಬಿ ಗುಂಗುಂ ಆಗುತ್ತೆ. ನಿಮ್ಮದು ಮೂಲೆಯಲ್ಲಿದ್ದರೆ ಅಲ್ಲಿಂದ ಈಚೆ ತನ್ನಿ, ಬೇಸ್ ನಾಬ್ ಇಳಿಸಿ.

ಪ್ರಶ್ನೆ: ಟ್ವೀಟರ್ (ಮೇಲಿನ ಸ್ವರಗಳಿಗಾಗಿ ಇರುವ ಚಿಕ್ಕ ಸ್ಪೀಕರ್) ಬೇಕೇ ಬೇಕಾ?

ಉತ್ತರ: ಸ್ಲ್ಯಾಪ್ (ಹೆಬ್ಬೆರಳಿನಿಂದ ತಂತಿ ಬಡಿಯುವ ಶೈಲಿ) ನುಡಿಸುವವರಿಗೆ, ಹೊಸ ತಂತಿಯ ಹೊಳಪು ಬೇಕು ಅನ್ನುವವರಿಗೆ ಬೇಕು. ನುಣುಪು ಮೈಯ ಫ್ಲಾಟ್‌ವೌಂಡ್ ತಂತಿ ಹಾಕಿ ದುಂಡು ದನಿ ಬಯಸುವವರಿಗೆ ಬೇಡ. ಡಿಸ್ಟಾರ್ಷನ್ ಬಳಸುವಾಗ ಟ್ವೀಟರ್ ಕಿವಿ ಚುಚ್ಚುತ್ತೆ. ಹಿಂದೆ ಅದನ್ನು ಇಳಿಸುವ ನಾಬ್ ಇದೆಯಾ ಅಂತ ನೋಡಿ ತಗೊಳ್ಳಿ.

ಪ್ರಶ್ನೆ: ಅಂಗಡಿಗೆ ಹೋದಾಗ ಕ್ಯಾಬ್ ಅನ್ನು ಹೇಗೆ ಪರೀಕ್ಷೆ ಮಾಡಲಿ?

ಉತ್ತರ: ನಿಮ್ಮದೇ ಬೇಸ್, ನಿಮ್ಮದೇ ಹೆಡ್ ತಗೊಂಡು ಹೋಗಿ. ಹೆಡ್ ಬದಲಾದರೆ ಏನನ್ನು ಕೇಳುತ್ತಿದ್ದೀರಿ ಅಂತಲೇ ಗೊತ್ತಾಗುವುದಿಲ್ಲ. ಎಲ್ಲ ನಾಬ್ ನಡುವಿನಲ್ಲಿ ಇಡಿ, ಜೋರು, ಮೆಲ್ಲಗಿನ ಸ್ವರಗಳನ್ನು ಸಮ ಮಾಡುವ ಕಂಪ್ರೆಸರ್ ಪೆಡಲ್ ಬೇಡ.

ದಪ್ಪ ತಂತಿಯಿಂದ ಶುರುಮಾಡಿ ಒಂದೊಂದೇ ಫ್ರೆಟ್ ಮೇಲಕ್ಕೆ, ಒಂದೇ ಬಲದಲ್ಲಿ, ಜಿ ತಂತಿಯ ಮೇಲಿನವರೆಗೂ ನುಡಿಸಿ. ಯಾವುದಾದರೂ ಒಂದು ಸ್ವರ ಥಟ್ಟನೆ ಉಬ್ಬುತ್ತಾ, ಒಂದು ಸೊರಗುತ್ತಾ? ನಿಮ್ಮ ಜಾಗ ಸ್ವಲ್ಪ ಬದಲಿಸಿ ಮತ್ತೆ ಕೇಳಿ. ಜಾಗ ಬದಲಿಸಿದಾಗ ಉಬ್ಬಿದ ಸ್ವರವೂ ಬದಲಾದರೆ ಅದು ಕೋಣೆಯ ದೋಷ, ಎಲ್ಲಿ ನಿಂತರೂ ಅದೇ ಸ್ವರ ಉಬ್ಬಿದರೆ ಕ್ಯಾಬ್ ಮೇಲೆ ಅನುಮಾನ ಪಡಬಹುದು. ಆಮೇಲೆ ಯಾರಾದರೂ ನುಡಿಸುತ್ತಿರಲಿ, ನೀವು ಕ್ಯಾಬ್‌ನ ಪಕ್ಕಕ್ಕೆ ನಡೆದು ಹೋಗಿ. ಪಕ್ಕದಲ್ಲೂ ಸ್ವರ ಸ್ಪಷ್ಟವಾಗಿದ್ದರೆ ನಿಮ್ಮ ಡ್ರಮ್ಮರ್‌ಗೂ ಅದು ಕೇಳಿಸುತ್ತೆ ಅಂತ ಅರ್ಥ.

ಎರಡು ಕ್ಯಾಬ್ ಹೋಲಿಸುವಾಗ ವಾಲ್ಯೂಮ್ ಸಮ ಮಾಡಿಕೊಳ್ಳಿ, ಫೋನ್‌ನಲ್ಲಿರುವ ಡೆಸಿಬಲ್ ಆ್ಯಪ್ ಆದರೂ ಸಾಕು. ಸ್ವಲ್ಪ ಜೋರಾಗಿರುವುದೇ ಯಾವಾಗಲೂ ಚೆನ್ನಾಗಿದೆ ಅನ್ನಿಸುತ್ತೆ, ಸೆನ್ಸಿಟಿವಿಟಿ ಬೇರೆ ಬೇರೆ ಇರುವುದರಿಂದ ಒಂದು ಜೋರಾಗಿಯೇ ಇರುತ್ತೆ. ಕೊನೆಗೆ, ಅಂಗಡಿಯವರು ಒಪ್ಪಿದರೆ, ಒಂದು ರಿಹರ್ಸಲ್‌ಗೆ ಕೇಳಿ ತಗೊಂಡು ಹೋಗಿ. ಅಂಗಡಿಯಲ್ಲಿ ಬೇಸ್ ಒಂಟಿ, ಅಲ್ಲಿ ಇಷ್ಟವಾದ ಕ್ಯಾಬ್ ಡ್ರಮ್ ಪಕ್ಕದಲ್ಲಿ ಸೋಲಬಹುದು. ಅಂಗಡಿಯಲ್ಲಿ ಮಿಡ್ ಜಾಸ್ತಿ ಆಯಿತು ಅನ್ನಿಸಿ ನೀವು ಬದಿಗಿಟ್ಟ ಇನ್ನೊಂದನ್ನೂ ಸಾಧ್ಯವಾದರೆ ಅದೇ ರಿಹರ್ಸಲ್‌ಗೆ ಒಯ್ಯಿರಿ.